ಜೂಲಿಯಾ ಮೋರ್ಗನ್ ಅವರ ವಿದ್ಯಾರ್ಥಿ ಜೀವನ ಕುರಿತ ಆಡಿಯೊ ಪಾಠಗಳು: ಒಂದು ವಿಮರ್ಶೆ

ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪಿಯ ಪರವಾನಗಿ ಪಡೆದ ಮೊದಲ ಮಹಿಳೆ ಜೂಲಿಯಾ ಮೋರ್ಗನ್ ಅವರ ಕಲಿಕೆಯ ವರ್ಷಗಳನ್ನಷ್ಟೇ ಹೇಳುವ ಆಡಿಯೊ ಪಾಠಗಳ ಸರಣಿಯೊಂದಕ್ಕೆ ಚಂದಾ ಕಟ್ಟಿ, ಅದನ್ನು ಎರಡು ಸಲ ಪೂರ್ತಿ ಕೇಳಿದ್ದೇನೆ. ಮುಂದೆ ಅವರೇ ವಿನ್ಯಾಸಗೊಳಿಸಿದ ಭವ್ಯ ಸೌಧ ಹರ್ಸ್ಟ್ ಕ್ಯಾಸಲ್‌ನ ವೈಭವದ ವರ್ಣನೆಯಿಂದ ಕೇಳುಗರನ್ನು ಸೆಳೆಯುವ ಸುಲಭದ ದಾರಿಯನ್ನು ಬಿಟ್ಟು, ಓಕ್‌ಲ್ಯಾಂಡ್‌ನಲ್ಲಿ ಬೆಳೆದ ಹುಡುಗಿಯಿಂದಲೇ ಕಥನ ಆರಂಭಿಸಿರುವುದು ನನಗೆ ತುಂಬ ಹಿಡಿಸಿತು.

ಸರಣಿಯ ಜೀವಾಳ ಪ್ಯಾರಿಸ್ ಕುರಿತ ಪಾಠಗಳಲ್ಲಿದೆ. 1896ರಲ್ಲಿ ಮೋರ್ಗನ್ ಅಲ್ಲಿಗೆ ತಲುಪಿದಾಗ ಎಕೋಲ್ ದೆ ಬೋಜಾರ್ ಕಲಾಶಾಲೆಯ ವಾಸ್ತುಶಿಲ್ಪ ವಿಭಾಗಕ್ಕೆ ಮಹಿಳೆಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮರುವರ್ಷ ಪ್ರವೇಶ ಪರೀಕ್ಷೆಗೆ ಕೂರಲು ಅವಕಾಶ ಸಿಕ್ಕರೂ ಮೊದಲ ಪ್ರಯತ್ನಗಳು ಫಲಿಸಲಿಲ್ಲ. 1898ರಲ್ಲಿ 13ನೇ ಸ್ಥಾನ ಗಳಿಸಿ ಅವರು ಒಳಗೆ ಕಾಲಿಟ್ಟರು. ಅಡಿ ಮತ್ತು ಅಂಗುಲಗಳಲ್ಲಿ ಅಳೆಯುತ್ತ ಕಲಿತವರು ಮೀಟರಿನ ಲೆಕ್ಕದಲ್ಲಿ, ಅದೂ ಫ್ರೆಂಚ್ ಭಾಷೆಯಲ್ಲಿ ಪರೀಕ್ಷೆ ಎದುರಿಸುವುದೆಂದರೇನು ಎಂಬುದನ್ನು ನಿರೂಪಕಿ ಅವಸರವಿಲ್ಲದೆ ಬಿಡಿಸಿ ಹೇಳುತ್ತಾರೆ. ಮೂವತ್ತು ತುಂಬಿದವರು ಶಾಲೆಯಲ್ಲಿ ಮುಂದುವರಿಯುವಂತಿರಲಿಲ್ಲವಾದ್ದರಿಂದ, 1872ರ ಜನವರಿಯಲ್ಲಿ ಹುಟ್ಟಿದ ಮೋರ್ಗನ್ ಅವರಿಗೆ ಹೀಗೆ ಕಳೆದುಹೋದ ಪ್ರತಿಯೊಂದು ತಿಂಗಳೂ ನಷ್ಟವೇ ಆಗಿತ್ತು. ಮಾರ್ಗದರ್ಶಕ ಶೋಸ್ಮಿಶ್ ಅವರ ಸ್ಟುಡಿಯೊದಲ್ಲಿ ದುಡಿದು, ಆ ಶಾಲೆಯಿಂದ ವಾಸ್ತುಶಿಲ್ಪದ ಪ್ರಮಾಣಪತ್ರ ಪಡೆದ ಮೊದಲ ಮಹಿಳೆಯಾದ 1902ರ ಪ್ರಸಂಗವನ್ನು ಕೇಳುವಾಗ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕುಳಿತಿದ್ದೆ.

ಆದರೆ ಬರ್ಕ್‌ಲಿಯ ವರ್ಷಗಳಿಗೆ ನ್ಯಾಯ ದೊರೆತಿಲ್ಲ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗ ವಾಸ್ತುಶಿಲ್ಪ ವಿಭಾಗವಿಲ್ಲದ ಕಾರಣ ಮೋರ್ಗನ್ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಪದವಿ ಬಂದದ್ದು 1894ರಲ್ಲಿ. ಪ್ಯಾರಿಸ್‌ಗೆ ಹೋಗುವಂತೆ ಹುರಿದುಂಬಿಸಿದ ಗುರು ಬರ್ನಾರ್ಡ್ ಮೇಬೆಕ್ ಅವರ ಬಗ್ಗೆ ಇಡೀ ಪಾಠವೊಂದನ್ನು ಮೀಸಲಿಟ್ಟವರು, ಈ ಎಂಜಿನಿಯರಿಂಗ್ ಶಿಕ್ಷಣವನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸಿದ್ದಾರೆ. ವಾಸ್ತುಶಿಲ್ಪದ ಆಸೆ ಹುಟ್ಟಿಸಿದ ನ್ಯೂಯಾರ್ಕ್‌ನ ಬಂಧು, ವಾಸ್ತುಶಿಲ್ಪಿ ಪಿಯರ್ ಲೆಬ್ರನ್ ಅವರ ಹೆಸರಂತೂ ಒಮ್ಮೆ ಬಂದು ಹೋಗುತ್ತದೆ, ಅಷ್ಟೆ.

ನನ್ನ ದೃಷ್ಟಿಯಲ್ಲಿ ಇದು ಸಣ್ಣ ಲೋಪವಲ್ಲ. ಮಿಲ್ಸ್ ಕಾಲೇಜಿಗಾಗಿ 1904ರಲ್ಲಿ ಅವರು ಕಟ್ಟಿಸಿದ ಬಲವರ್ಧಿತ ಕಾಂಕ್ರೀಟಿನ ಗಂಟೆಗೋಪುರ 1906ರ ಭೂಕಂಪವನ್ನು ತಾಳಿ ನಿಂತಿತು. ಅದರ ಅಂದಕ್ಕೆ ಪ್ಯಾರಿಸ್ ಕಾರಣವಾಗಿದ್ದರೆ ಅದರ ಗಟ್ಟಿತನದ ಬೇರು ಬರ್ಕ್‌ಲಿಯಲ್ಲಿದೆ. ಸರಣಿಯು 1902ಕ್ಕೇ ನಿಲ್ಲುವುದರಿಂದ ಕೇಳುಗರಿಗೆ ಈ ಕೊಂಡಿ ಸಿಗುವುದೇ ಇಲ್ಲ. ಇನ್ನೊಂದು ಪಾಠವನ್ನು ಸೇರಿಸುವಂತೆ ತಯಾರಕರಿಗೆ ಬರೆದಿದ್ದೇನೆ.