ವಾರ ದೂಡುವ ಸೊಪ್ಪು: ತುಮಕೂರಿನ ಒಂದು ಮೆಸ್ಸಿನ ವಿಮರ್ಶೆ

ತುಮಕೂರಿನ ಊಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಿಂದ ಆರಂಭಿಸಿ ಅಲ್ಲಿಗೇ ಮುಗಿಸುತ್ತಾರೆ. ನಾನು ಇಲ್ಲಿ ಬರೆಯುತ್ತಿರುವ ಮೆಸ್ಸು ಬಿ.ಎಚ್. ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗಿದೆ. ಅದಕ್ಕೊಂದು ಹೆಸರಿಲ್ಲ, ತಗಡಿನ ಬೋರ್ಡಿನ ಮೇಲೆ ‘ಮನೆ ಊಟ ದೊರೆಯುತ್ತದೆ’ ಎಂದಷ್ಟೇ ಇದೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಕನ್ನಡ ಅಕ್ಷರಗಳನ್ನು ಹೊಸದಾಗಿ ಕಲಿತವರ ಎಚ್ಚರಿಕೆಯಲ್ಲಿ, ‘ಉಗಾಲಿ’ ಎಂದು ಹಸಿರು ಬಣ್ಣದಿಂದ ಬರೆದಿದ್ದಾರೆ. ಪೂರ್ವ ಆಫ್ರಿಕಾದ ಮುದ್ದೆಯ ಹೆಸರಾದ ಆ ಒಂದು ಪದದ ಕಾರಣಕ್ಕಾಗಿಯೇ ನಾನು ಕಳೆದ ಐದಾರು ತಿಂಗಳಲ್ಲಿ ಹತ್ತಕ್ಕಿಂತ ಹೆಚ್ಚು ಬಾರಿ ಅಲ್ಲಿ ಊಟ ಮಾಡಿದ್ದೇನೆ.

ನಮ್ಮ ಊರಿನ ಕಾಲೇಜುಗಳಲ್ಲಿ ಮತ್ತು ವಿಶ್ವವಿದ್ಯಾಲಯದಲ್ಲಿ ಓದಲು ಬಂದಿರುವ ಆಫ್ರಿಕಾದ ವಿದ್ಯಾರ್ಥಿಗಳು ಮಧ್ಯಾಹ್ನ ಮತ್ತು ರಾತ್ರಿ ಇಲ್ಲಿ ಸೇರುತ್ತಾರೆ. ಇದು ಆರಂಭವಾದ ಬಗೆಯನ್ನು ಮೆಸ್ಸು ನಡೆಸುವ ತಾಯಿ ಹೀಗೆ ಹೇಳುತ್ತಾರೆ. ಉಗಾಂಡಾದ ಹುಡುಗನೊಬ್ಬ ಮೊದಲ ದಿನ ಬಂದು ಕುಳಿತವನು ಪಕ್ಕದ ತಟ್ಟೆಯಲ್ಲಿದ್ದ ರಾಗಿಮುದ್ದೆಯನ್ನು ನೋಡಿ, ಚಪಾತಿ, ಅನ್ನ ಎಲ್ಲವನ್ನೂ ಬದಿಗೆ ಸರಿಸಿ, ಬೆರಳು ತೋರಿಸಿ ಅದನ್ನೇ ಕೇಳಿದನಂತೆ. ಅವನ ಊರಿನ ಕಡೆ ಇದೇ ರಾಗಿಯ ಹಿಟ್ಟಿನಿಂದ ‘ಕಾಲೊ’ ಎಂಬ ಮುದ್ದೆ ಮಾಡುತ್ತಾರೆ. ರಾಗಿಯನ್ನು ಮನುಷ್ಯರು ಮೊದಲು ಬೆಳೆಗೆ ತಂದದ್ದು ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ನಾಡಿನಲ್ಲಿ. ನಮ್ಮ ಹೊಲಗಳಿಗೆ ಅದು ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಕೀನ್ಯಾದವರು ಅದನ್ನು ‘ವಿಂಬಿ’ ಎನ್ನುತ್ತಾರೆ, ಇಥಿಯೋಪಿಯಾದವರು ‘ದಗುಸ್ಸ’ ಎನ್ನುತ್ತಾರೆ. ಮುದ್ದೆ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ನನ್ನಂಥ ತುಮಕೂರಿನವರಿಗೆ ಇದು ಸ್ವಲ್ಪ ಮುಜುಗರದ ಸಂಗತಿ. ಆದರೆ ಆ ತಾಯಿ ಇದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ‘ಹುಡುಗ ಎರಡು ಮುದ್ದೆ ಉಂಡ, ಮಾರನೇ ದಿನ ಇನ್ನಿಬ್ಬರನ್ನ ಕರ್ಕೊಂಡು ಬಂದ, ಅಷ್ಟೇಯ’ ಎಂದರು.

ಮೊದಲು ಊಟದ ವಿಷಯ. ಉಗಾಲಿ ಎಂದರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಆದರೆ ಅದು ನಮ್ಮ ಮುದ್ದೆಯ ದಾರಿಯಲ್ಲಿ ಬೇಯುವುದಿಲ್ಲ. ನಾವು ಕುದಿಯುವ ಎಸರಿಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ಚುಚ್ಚಿ, ಬೇಯಲು ಬಿಟ್ಟು, ಆಮೇಲೆ ತೊಳಸುತ್ತೇವೆ. ಉಗಾಲಿಗೆ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಬಿಡದೆ ತಿರುವಬೇಕು, ಗಟ್ಟಿಯಾದ ಮೇಲೆ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಬೇಯಿಸಿ, ಕಡೆಗೆ ತಟ್ಟೆಗೆ ಕವುಚಿ ಹಾಕಬೇಕು. ಆರಂಭದ ವಾರಗಳಲ್ಲಿ ಇಲ್ಲಿನ ಉಗಾಲಿ ಗಂಟುಗಂಟಾಗುತ್ತಿತ್ತಂತೆ. ಕೀನ್ಯಾದ ವಿದ್ಯಾರ್ಥಿನಿಯೊಬ್ಬಳು ಅಡುಗೆಮನೆಗೇ ಹೋಗಿ ಸೆರಗಿನಂತೆ ದುಪಟ್ಟಾ ಸಿಕ್ಕಿಸಿಕೊಂಡು ತಿರುವಿ ತೋರಿಸಿದ ಮೇಲೆ ಕೈ ಕುದುರಿದೆ. ನಮ್ಮ ಕಡೆ ಬೆಳೆಯುವ ಮುಸುಕಿನ ಜೋಳ ಬಹುಮಟ್ಟಿಗೆ ಹಳದಿ, ಅದರಲ್ಲಿ ದೊಡ್ಡ ಪಾಲು ಕೋಳಿಯ ಆಹಾರಕ್ಕೆ ಹೋಗುತ್ತದೆ. ಪೂರ್ವ ಆಫ್ರಿಕಾದವರಿಗೆ ಬೇಕಾದದ್ದು ಬಿಳಿಯದು. ಅದನ್ನು ತಿಂಗಳಿಗೊಮ್ಮೆ ಬೆಂಗಳೂರಿನಿಂದ ತರಿಸುತ್ತಾರೆ, ಮುಗಿದರೆ ಮುಗಿಯಿತು. ತಿಂಗಳ ಕೊನೆಯ ವಾರದಲ್ಲಿ ಹೋದರೆ ಹಳದಿ ಉಗಾಲಿಯೇ ಗತಿ, ಅದಕ್ಕೊಂದು ಒಗರು ಇದೆ.

ಉಗಾಲಿಯ ಜೊತೆಗೆ ಬರುವ ಪಲ್ಯ ಈ ಮೆಸ್ಸಿನ ನಿಜವಾದ ಸಾಧನೆ. ಅದರ ಹೆಸರು ‘ಸುಕುಮ ವಿಕಿ’. ಸ್ವಾಹಿಲಿಯಲ್ಲಿ ‘ವಾರವನ್ನು ದೂಡು’ ಎಂದು ಅರ್ಥ. ಕೈಯಲ್ಲಿ ಕಾಸಿಲ್ಲದಾಗ ಸಂಬಳದ ದಿನದವರೆಗೂ ಮನೆಯನ್ನು ನಡೆಸಿಕೊಂಡು ಹೋಗುವ ಅಗ್ಗದ ಸೊಪ್ಪು ಅದು. ಆ ಸೊಪ್ಪು ಇಲ್ಲಿ ಸಿಗುವುದಿಲ್ಲ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ನವಿಲುಕೋಸಿನ ಗೆಡ್ಡೆಯನ್ನು ಉಳಿಸಿಕೊಂಡು ಎಲೆಗಳನ್ನು ಕತ್ತರಿಸಿ ಬಿಸಾಡುತ್ತಾರಲ್ಲ, ಆ ಎಲೆಯನ್ನು ಈ ತಾಯಿ ಚೀಲಗಟ್ಟಲೆ ತರುತ್ತಾರೆ. ಎರಡೂ ಒಂದೇ ಜಾತಿಯ ಗಿಡದ ಬೇರೆ ಬೇರೆ ತಳಿಗಳು ಎಂಬುದನ್ನು ಸಸ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬ ಹೇಳಿದ ಮೇಲೆ ಈ ಪ್ರಯೋಗ ನಡೆಯಿತಂತೆ. ಎಲೆಯನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ, ಈರುಳ್ಳಿ ಟೊಮೇಟೊ ಜೊತೆ ಬಾಡಿಸಿ, ಹಸಿರು ಮಾಸುವ ಮುನ್ನ ಇಳಿಸುತ್ತಾರೆ. ತೆಂಗಿನಕಾಯಿ ತುರಿ ಉದುರಿಸಬೇಕೆಂಬ ನಮ್ಮ ಕೈಚಟವನ್ನು ಅವರು ತಡೆದುಕೊಂಡಿದ್ದಾರೆ, ಅದಕ್ಕೆ ನನ್ನ ಪೂರ್ಣ ಅಂಕ. ಉಗಾಲಿಯನ್ನು ಚಿವುಟಿ, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯ ಎತ್ತಿಕೊಂಡು ಅಗಿದು ತಿನ್ನಬೇಕು. ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದ ನನಗೆ ಇದು ಮೂರನೆಯ ಭೇಟಿಯವರೆಗೂ ಬರಲಿಲ್ಲ. ಎದುರಿಗೆ ಕುಳಿತವರು ನಗಲಿಲ್ಲ, ನಾನಾಗಿದ್ದರೆ ನಗುತ್ತಿದ್ದೆ.

ಪಶ್ಚಿಮ ಆಫ್ರಿಕಾದವರು ಟೊಮೇಟೊ ರಸದಲ್ಲಿ ಬೇಯಿಸುವ ಜೊಲೊಫ್ ಅನ್ನ ಮಾತ್ರ ಇಲ್ಲಿ ಸೋತಿದೆ. ಉದ್ದಕ್ಕಿಯಲ್ಲಿ ಬಿಡಿಬಿಡಿಯಾಗಿ, ತಳದಲ್ಲಿ ಸ್ವಲ್ಪ ಹೊಗೆಯ ವಾಸನೆ ಹಿಡಿಯುವಂತೆ ಬೇಯಬೇಕಾದ ಅನ್ನವನ್ನು ಇವರು ಸೋನಾ ಮಸೂರಿಯಲ್ಲಿ ಮಾಡುತ್ತಾರೆ. ಬರುವುದು ಟೊಮೇಟೊ ಬಾತ್. ಒಳ್ಳೆಯ ಟೊಮೇಟೊ ಬಾತೇ, ಆದರೆ ಟೊಮೇಟೊ ಬಾತ್. ನೈಜೀರಿಯಾದ ಹುಡುಗರು ಮತ್ತು ಘಾನಾದ ಹುಡುಗರು ಜೊಲೊಫ್ ಯಾರದು ಉತ್ತಮ ಎಂದು ಊಟದುದ್ದಕ್ಕೂ ಜಗಳವಾಡುತ್ತಾರೆ, ಇದು ಯಾರದೂ ಅಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತವಿದೆ. ಚಪಾತಿ ಮತ್ತು ಚಹಾದ ಬಗ್ಗೆ ಹೇಳುವುದೇನೂ ಇಲ್ಲ. 1896ರಿಂದ 1901ರವರೆಗೆ ಈಗಿನ ಕೀನ್ಯಾದಲ್ಲಿ ಉಗಾಂಡಾ ರೈಲುಮಾರ್ಗ ಹಾಕಲು ಹೋದ ಸುಮಾರು 32,000 ಭಾರತೀಯ ಕೂಲಿಗಳ ಹಿಂದೆ ಆ ಎರಡೂ ಅಲ್ಲಿಯ ಅಡುಗೆಮನೆಗಳಲ್ಲಿ ಬೇರೂರಿದ್ದರಿಂದ, ಕೀನ್ಯಾದವರು ಅವುಗಳನ್ನು ಹೆಸರು ಬದಲಿಸದೆ ಕೇಳುತ್ತಾರೆ.

ಊಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಲ್ಲಾ ಪೆಟ್ಟಿಗೆಯ ಮೇಲಿನ ಗೋಡೆ ಕ್ಯಾಲೆಂಡರು. ಅದೊಂದು ಮಾಮೂಲಿ ಕ್ಯಾಲೆಂಡರು. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆಗಳ ನಡುವೆ ವಿದ್ಯಾರ್ಥಿಗಳು ಕೆಂಪು ಪೆನ್ನಿನಿಂದ ತಮ್ಮ ದೇಶಗಳ ಸ್ವಾತಂತ್ರ್ಯದ ದಿನಗಳನ್ನು ಗುರುತು ಹಾಕಿದ್ದಾರೆ. ಜನವರಿ 1ಕ್ಕೆ ಸೂಡಾನ್, ಮಾರ್ಚ್ 6ಕ್ಕೆ ಘಾನಾ, ಅಕ್ಟೋಬರ್ 1ಕ್ಕೆ ನೈಜೀರಿಯಾ, 9ಕ್ಕೆ ಉಗಾಂಡಾ, 24ಕ್ಕೆ ಜಾಂಬಿಯಾ, ಡಿಸೆಂಬರ್ 12ಕ್ಕೆ ಕೀನ್ಯಾ. ಮೇ 25ರ ಚೌಕಕ್ಕೆ ಎರಡು ಸುತ್ತು ಹಾಕಿದ್ದಾರೆ. 1963ರಲ್ಲಿ ಅದೇ ದಿನ ಆಡಿಸ್ ಅಬಾಬಾದಲ್ಲಿ ಆಫ್ರಿಕಾದ ಸ್ವತಂತ್ರ ದೇಶಗಳು ಒಂದು ಒಕ್ಕೂಟವಾದವು. ಆಯಾ ದಿನದ ಅಡುಗೆಯನ್ನು ಆ ದೇಶದ ಮಕ್ಕಳೇ ನಿರ್ಧರಿಸುತ್ತಾರೆ, ಬೇಕಾದರೆ ತಾವೇ ಮಾಡುತ್ತಾರೆ, ಆ ದಿನ ಬರುವ ಉಳಿದ ಗಿರಾಕಿಗಳೂ ಅದನ್ನೇ ಉಣ್ಣಬೇಕು. ಅಕ್ಟೋಬರ್ 24ರಂದು ಬಂದ ಲಾರಿ ಚಾಲಕರೊಬ್ಬರು ‘ಇವತ್ತೇನ್ ವಿಶೇಷ?’ ಎಂದು ಕೇಳಿದಾಗ, ತಾಯಿ ತಲೆ ಎತ್ತದೆ ‘ಜಾಂಬಿಯಾಕ್ಕೆ ಸ್ವಾತಂತ್ರ್ಯ ಬಂದಿದ್ದು, ಕೂತ್ಕೊಳಣ್ಣ’ ಎಂದರು. ಅವರು ಕುಳಿತರು.

ಇದನ್ನು ನಾನು ಸಣ್ಣ ಸಂಗತಿ ಎಂದು ಭಾವಿಸುವುದಿಲ್ಲ. ಅಮೆರಿಕದ ಇತಿಹಾಸಕಾರ ಕಾರ್ಟರ್ ವುಡ್ಸನ್ ಅವರು 1926ರ ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸಕ್ಕಾಗಿ ಒಂದು ವಾರವನ್ನು ಮೀಸಲಿಟ್ಟರು; ಅದು ಒಂದು ತಿಂಗಳಾಗಲಿ ಎಂದು 1969ರಲ್ಲಿ ಒತ್ತಾಯಿಸಿ, ಮರುವರ್ಷವೇ ಆಚರಿಸಿ ತೋರಿಸಿದವರು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಅಮೆರಿಕ ಸರ್ಕಾರ ಅದನ್ನು ಮಾನ್ಯ ಮಾಡಿದ್ದು 1976ರಲ್ಲಿ. ಅಂದರೆ ಆಚರಣೆ ಯಾರದೋ ಅವರೇ ಅದರ ದಿನ, ರೂಪಗಳನ್ನು ಗೊತ್ತುಮಾಡಿದ್ದರು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಸಂಸ್ಥೆಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡಿದ್ದೇನೆ: ವಾರ್ಷಿಕೋತ್ಸವಕ್ಕೆ ಆಫ್ರಿಕಾದ ವಿದ್ಯಾರ್ಥಿಗಳನ್ನು ಕರೆಸಿ, ತಮಟೆ ಕೊಟ್ಟು ಕುಣಿಸಿ, ಗಣ್ಯರ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿ, ಹಾಸ್ಟೆಲ್ಲಿನಲ್ಲಿ ಅವರ ಕೋಣೆಗೆ ನೀರು ಬರುತ್ತಿಲ್ಲ ಎಂಬ ಅರ್ಜಿಯನ್ನು ಮಾತ್ರ ಮೂರು ತಿಂಗಳು ಕಡತದಲ್ಲಿಟ್ಟಿದ್ದರು. ಆ ಫೋಟೊದಲ್ಲಿ ನಾನೂ ಇದ್ದೇನೆ.

ಈ ಮೆಸ್ಸಿಗೂ ಅಂಥ ಗೀಳು ಸ್ವಲ್ಪ ಅಂಟಿದೆ. ತಾಯಿಯ ಯಜಮಾನರು ಹೊಸ ಗಿರಾಕಿ ಬಂದರೆ ಸಾಕು, ಊಟ ಮಾಡುತ್ತಿರುವ ಹುಡುಗರನ್ನು ತೋರಿಸಿ ‘ಸೆಲ್ಫಿ ತಗೊಳ್ಳಿ ಸಾರ್’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ತುತ್ತು ಕೈಯಲ್ಲಿರುವವರಿಗೆ ಅದು ಹಿಂಸೆ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಆಫ್ರಿಕಾದ ವಿದ್ಯಾರ್ಥಿಗಳು ಕೂರುವುದು ಒಳಗಿನ ಕೋಣೆಯಲ್ಲಿ. ಆರಂಭದಲ್ಲಿ ಕೆಲವು ಗಿರಾಕಿಗಳು ಮೂಗು ಮುರಿದಾಗ ಜಗಳ ಬೇಡವೆಂದು ಮಾಡಿದ ಏರ್ಪಾಡು ಅದು. ಈಗ ಫ್ಯಾನು, ನೀರಿನ ಫಿಲ್ಟರು, ಅವರ ಹಾಡು ಎಲ್ಲವೂ ಅಲ್ಲಿರುವುದರಿಂದ ಅವರಿಗೂ ಅದೇ ಹಿತವಾಗಿದೆ. ಆದರೂ ಮುಂದಿನ ಹಜಾರದಲ್ಲಿ ನಾವು, ಒಳಗೆ ಅವರು ಎಂಬ ಈ ಗೋಡೆಯನ್ನು ನಾನು ಒಪ್ಪಲಾರೆ. ಮೂಗು ಮುರಿದವರನ್ನು ಒಳಗೆ ಕೂರಿಸಬಹುದಾಗಿತ್ತು.

ಬಡಿಸುವ ಹುಡುಗರಿಗೆ ಮಾತಿನ ಶಿಸ್ತು ಕಲಿಸಿದ್ದಾರೆ. ನಮ್ಮ ಊರಿನ ಬಾಯಿಗೆ ಸಲೀಸಾಗಿ ಬರುವ, ಆ ಮಕ್ಕಳ ಕಿವಿಗೆ ಬೈಗುಳವಾಗಿ ಕೇಳುವ ಹಳೆಯ ಪದವನ್ನು ಇಲ್ಲಿ ಯಾರೂ ಆಡುವಂತಿಲ್ಲ. ಹೆಸರು ಹಿಡಿದು ಕರೆಯಬೇಕು, ತಿಳಿಯದಿದ್ದರೆ ಕೇಳಬೇಕು. ಒಂದು ದಿನ ಹೊಸದಾಗಿ ಸೇರಿದ ಹುಡುಗ ಗುಂಗುರು ಕೂದಲಿನ ಒಬ್ಬ ವಿದ್ಯಾರ್ಥಿಯ ಮುಂದೆ ನಿಂತು ‘ಯು ವಾಂಟ್ ರೈಸ್?’ ಎಂದು ತಡವರಿಸಿದ. ‘ಅನ್ನ ಸಾಕಣ್ಣ, ಮಜ್ಜಿಗಿ ಹಾಕ್ರಿ’ ಎಂಬ ಉತ್ತರ ಬಂತು. ಆತ ಹಳಿಯಾಳದ ಕಡೆಯ ಸಿದ್ದಿ ಸಮುದಾಯದವನು; ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ನಮ್ಮದೇ ರಾಜ್ಯದ ಜನ. ಅವನು ಈಗ ಒಳಕೋಣೆಯವರಿಗೆ ಕನ್ನಡ ಹೇಳಿಕೊಡುತ್ತಾನೆ. ಅದರಿಂದಾಗಿ ಮಲಾವಿಯ ಹುಡುಗಿಯೊಬ್ಬಳು ತುಮಕೂರಿನಲ್ಲಿ ನಿಂತು ಆಟೋದವರ ಹತ್ತಿರ ‘ಎಷ್ಟ ತಗೋತೀರಿ’ ಎಂದು ಉತ್ತರ ಕರ್ನಾಟಕದ ರಾಗದಲ್ಲಿ ಚೌಕಾಸಿ ಮಾಡುತ್ತಾಳೆ.

ಗಲ್ಲಾದ ಕೆಳಗೆ ಎರಡು ನೋಟ್‌ಪುಸ್ತಕಗಳಿವೆ. ಒಂದು ಉದ್ರಿ ಪುಸ್ತಕ. ಮನೆಯಿಂದ ಹಣ ಬರುವುದು ತಡವಾದರೆ ಎರಡು ತಿಂಗಳವರೆಗೂ ಬರೆದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಈ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಮನೆ ಕೊಡಲು ಒಪ್ಪಿದವರ ವಿಳಾಸಗಳಿವೆ. ವಿದೇಶದವರನ್ನು ಮನೆಯಲ್ಲಿರಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕೆಂಬ ನಿಯಮವಿದೆ. ಮನೆ ಮಾಲೀಕರು ‘ಪೊಲೀಸ್ ತಂಟೆ’ ಎಂದು ಹೆದರುವುದು ಬಹುತೇಕ ಇದಕ್ಕೇ. ತಾಯಿಯ ಮಗ ಆ ಅರ್ಜಿಯನ್ನು ಹತ್ತು ನಿಮಿಷದಲ್ಲಿ ತುಂಬಿಕೊಡುತ್ತಾನೆ, ಹಣ ತೆಗೆದುಕೊಳ್ಳುವುದಿಲ್ಲ. ಸಿದ್ಧಗಂಗಾ ಮಠದ ನೆರಳಿನಲ್ಲಿ ಅನ್ನ, ಅಕ್ಷರ, ಆಶ್ರಯ ಎಂಬ ಮೂರು ಮಾತುಗಳನ್ನು ಕೇಳುತ್ತಲೇ ಬೆಳೆದ ಊರು ನಮ್ಮದು. ಆದರೂ ಆ ಎರಡನೆಯ ಪುಸ್ತಕದಲ್ಲಿ ನಾನು ನೋಡಿದಾಗ ಇದ್ದದ್ದು ಹನ್ನೊಂದು ವಿಳಾಸ.

2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಬೇರೊಬ್ಬ ಮಾಡಿದ ಅಪಘಾತದ ಸಿಟ್ಟನ್ನು ಗುಂಪೊಂದು ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ಅದೇ ವರ್ಷದ ಬೇಸಿಗೆಯಲ್ಲಿ ಇಬ್ಬರು ಹುಡುಗರು ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದಿದ್ದರು. ಅವರ ಕ್ಷೇಮಕ್ಕಾಗಿಯೇ ಎಂಬಂತೆ ಆ ಘಟನೆಯನ್ನು ನೆಪ ಮಾಡಿ, ‘ಕಾಲ ಸರಿಯಿಲ್ಲಪ್ಪ’ ಎಂದು ಕಳುಹಿಸಿದೆ. ಒಂದು ವಾರದ ನಂತರ ಅದನ್ನು ಬ್ಯಾಂಕಿನ ನೌಕರರೊಬ್ಬರಿಗೆ ಕೊಟ್ಟೆ, ಅವರು ಈಗಲೂ ಇದ್ದಾರೆ. ಪುಸ್ತಕವನ್ನು ತಿರುವುತ್ತಿದ್ದ ನನ್ನನ್ನು ನೋಡಿ ತಾಯಿ, ‘ನಿಮ್ಮ ಮನೆ ಇದ್ರಲ್ಲಿಲ್ಲ ಅಲ್ವಾ ಮೇಷ್ಟ್ರೇ’ ಎಂದರು. ಇಲ್ಲ ಎಂದೆ. ಅವರು ಮಜ್ಜಿಗೆ ತಂದಿಟ್ಟರು.

ಹೋಗುವವರಿಗೆ ಕೆಲವು ವಿವರಗಳು. ಮುದ್ದೆ ಊಟಕ್ಕೆ 70 ರೂಪಾಯಿ, ಉಗಾಲಿ, ಸುಕುಮ ವಿಕಿ ಮತ್ತು ಅಲಸಂದೆ ಕಾಳಿಗೆ 90, ಕೋಳಿ ಸಾರು ಸೇರಿದರೆ 150. ಸೋಮವಾರ ಮತ್ತು ಶನಿವಾರ ಮಾಂಸ ಮಾಡುವುದಿಲ್ಲ, ಈ ನಿಯಮಕ್ಕೆ ಯಾವ ದೇಶದ ಸ್ವಾತಂತ್ರ್ಯವೂ ಅಡ್ಡ ಬರುವಂತಿಲ್ಲ. ಟಾಂಜಾನಿಯಾದವರ ಡಿಸೆಂಬರ್ 9 ಒಮ್ಮೆ ಸೋಮವಾರ ಬಿದ್ದು, ಅವರು ಹಬ್ಬವನ್ನು ಕಾಳು ಮತ್ತು ಬಾಳೆಕಾಯಿಯಲ್ಲಿ ಮುಗಿಸಬೇಕಾಯಿತು. ಪಾರ್ಸೆಲ್‌ಗೆ ಪ್ಲಾಸ್ಟಿಕ್ ಚೀಲ ಕೊಡುವುದಿಲ್ಲ, ಡಬ್ಬಿ ಒಯ್ಯಬೇಕು. ಕೈತೊಳೆಯುವ ಜಾಗದಲ್ಲಿ ಬೆಳಕು ಸಾಲದು. ಮಧ್ಯಾಹ್ನ ಒಂದೂವರೆಯ ನಂತರ ಹೋದರೆ ಮುದ್ದೆ ಸಿಗುವುದು ಅನುಮಾನ, ಉಗಾಲಿ ಬೇಕೆಂದರೆ ಅರ್ಧ ಗಂಟೆ ಮೊದಲೇ ಹೇಳಿಟ್ಟಿರಬೇಕು. ಮುಂದಿನ ಹಜಾರದಲ್ಲಿ ಜಾಗ ಖಾಲಿ ಇದ್ದರೂ ನಾನು ಈಗ ಒಳಕೋಣೆಯಲ್ಲೇ ಕೂರುತ್ತೇನೆ, ಫ್ಯಾನು ಅಲ್ಲಿಯದೇ ಚೆನ್ನಾಗಿದೆ.