ನಾಯಿಯ ತರಬೇತಿಗೆ ಒಗ್ಗಿದ ಕುರಿಯೋ, ಎಳೆ ಕುರಿಯೋ?

ಕುರಿ ಕಾಯುವ ನಾಯಿಯನ್ನು ತಯಾರು ಮಾಡಲು ಕುರಿ ಕೊಳ್ಳುತ್ತಿದ್ದೀರಾ? ನಾಯಿಗೆ ಆಗಲೇ ಒಗ್ಗಿದ ದೊಡ್ಡ ಕುರಿ ತರುವುದಾ, ನಾಯಿಯನ್ನೇ ಕಾಣದ ಎಳೆಯವುಗಳನ್ನಾ?

ನಾಯಿ ಹೊಸದಾದರೆ ನನ್ನ ಮತ ಒಗ್ಗಿದ ಕುರಿಗೇ. ನಾಯಿ ಸುತ್ತು ಹಾಕಿದ ಕೂಡಲೇ ಅವು ಚದುರದೆ ಒಟ್ಟಾಗಿ ನಿಮ್ಮ ಕಡೆ ನಡೆದು ಬರುತ್ತವೆ. ಎಳೆಯವು ಹಾಗಲ್ಲ. ಒಂದು ಬೆದರಿ ಬೇಲಿಗೆ ನುಗ್ಗುತ್ತದೆ, ನಾಯಿ ಅದರ ಬೆನ್ನು ಹತ್ತುತ್ತದೆ. ಸುಮ್ನೆ ಅಟ್ಟಿಸಿಕೊಂಡು ಹೋಗುವ ಚಟ ಅಲ್ಲೇ ಶುರು.

ಆದರೆ ಒಗ್ಗಿದ ಕುರಿಯನ್ನು ಜಾಸ್ತಿ ದುಡಿಸಿದರೆ ಬೇಸತ್ತು ನಿಮ್ಮ ಮೊಣಕಾಲಿಗೇ ಅಂಟಿಕೊಳ್ಳುತ್ತದೆ. ಆಗ ನಾಯಿ ಕಲಿಯುವುದಾದರೂ ಏನನ್ನು? ಸ್ವಲ್ಪ ಪಳಗಿದ ನಾಯಿಗೆ ಚುರುಕಾದ ಎಳೆ ಕುರಿಗಳೇ ಸರಿ.

ತಳಿಯೂ ಮುಖ್ಯ. ಸಫೋಕ್‌ನಂಥ ಭಾರದ ಕುರಿ ನಿಧಾನ, ಅಳುಕುವ ನಾಯಿಗೆ ಎದುರು ನಿಂತುಬಿಡುತ್ತದೆ. ಬಾರ್ಬಡೋಸ್ ಬ್ಲ್ಯಾಕ್‌ಬೆಲ್ಲಿ ಬಲು ಚುರುಕು, ಉಣ್ಣೆ ಕತ್ತರಿಸುವ ಕೆಲಸವೂ ಇಲ್ಲ.

ಯಾವುದೇ ಆಗಲಿ, ಒಂಟಿ ಕುರಿ ಬೇಡ, 5-6 ಇರಲಿ. ಟಗರು, ಮರಿ ಜೊತೆಗಿರುವ ತಾಯಿಕುರಿ ನಾಯಿಯ ಮೇಲೇ ಏರಿ ಬರುತ್ತವೆ. ಗಬ್ಬದ ಕುರಿಯನ್ನು ಓಡಿಸಲೇಬಾರದು. ದನದ ಖನಿಜ ಮಿಶ್ರಣ ಹಾಕಬೇಡಿ, ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗುತ್ತದೆ.