ಅಳಿಲಿನ ಶೇಂಗಾ ಡಬ್ಬಿ: ಆಗ ಎರಡು ಸ್ಟಾರ್ ಕೊಟ್ಟಿದ್ದೆ, ಈಗ ನಾಲ್ಕು ಕೊಡುತ್ತಿದ್ದೇನೆ

ಈ ಡಬ್ಬಿಗೆ 2023ರ ಮೇ ತಿಂಗಳಲ್ಲಿ ನಾನು ಎರಡು ಸ್ಟಾರ್ ಕೊಟ್ಟಿದ್ದೆ. "ತಿಂಗಳಾಯ್ತು, ಒಂದು ಅಳಿಲೂ ಹತ್ತಿರ ಸುಳಿದಿಲ್ಲ, ದುಡ್ಡು ದಂಡ" ಅಂತ ಬರೆದಿದ್ದೆ. ಅದು ತಪ್ಪಾಗಿತ್ತು. ಡಬ್ಬಿ ಮಾಡಿದವರಿಗೆ ಅನ್ಯಾಯ ಮಾಡಿದೆನಲ್ಲ ಅಂತ ಅವತ್ತಿನಿಂದ ಮನಸ್ಸಿಗೆ ಚುಚ್ಚುತ್ತಿದೆ. ಸುಮ್ನೆ ಸ್ಟಾರ್ ಬದಲಾಯಿಸಿದರೆ ಸಾಲದು, ಯಾಕೆ ಬದಲಾಯಿಸಿದೆ ಅಂತಲೂ ಹೇಳಬೇಕು. ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಡಬ್ಬಿ ಹೇಗಿದೆ ಹೇಳುತ್ತೇನೆ. ಬೆಳಗಾವಿಯಲ್ಲೇ ಮೀನು, ಹಕ್ಕಿಗಳ ಆಹಾರ ಮಾರುವ ಒಂದು ಸಣ್ಣ ಅಂಗಡಿಯಲ್ಲಿ 850 ರೂಪಾಯಿಗೆ ತಂದಿದ್ದು. ಕಟ್ಟಿಗೆಯ ಪೆಟ್ಟಿಗೆ, ಮೇಲೆ ಇಳಿಜಾರು ಮುಚ್ಚಳ, ಮುಂದೆ ಒಳಗಿನದು ಕಾಣುವ ಹಾಗೆ ಅಕ್ರಿಲಿಕ್ ಹಾಳೆ, ಕೆಳಗೆ ಅಳಿಲು ಕೂರಲು ಒಂದು ಪುಟ್ಟ ಹಲಗೆ. ಅಳಿಲು ತಲೆಯಿಂದ ಮುಚ್ಚಳ ಎತ್ತಿ ಶೇಂಗಾ ಕಾಯಿ ತೆಗೆದುಕೊಳ್ಳಬೇಕು. ಮುಚ್ಚಳ ಭಾರ ಇದೆ ಅಂತ ನನಗೆ ಅನುಮಾನ ಇತ್ತು. ಹಿಂದವಾಡಿಯ ನಮ್ಮ ಮನೆ ಹಿತ್ತಲಲ್ಲಿ ಒಂದು ಹಳೆಯ ಆಪೂಸ್ ಮಾವಿನ ಗಿಡ ಇದೆ, ಅದರ ಕಾಂಡಕ್ಕೇ ಡಬ್ಬಿ ಕಟ್ಟಿದೆ. ಏಪ್ರಿಲ್ ಶುರುವಿನಲ್ಲಿ.

ಆ ವರ್ಷ ಗಿಡದ ತುಂಬಾ ಕಾಯಿ. ಟೊಂಗೆ ಬಾಗಿ ಕೈಗೆ ಸಿಗುತ್ತಿತ್ತು. ಅಳಿಲುಗಳು ಬೆಳಿಗ್ಗೆಯಿಂದ ಸಂಜೆತನಕ ಮೇಲೇ ಇರುತ್ತಿದ್ದವು, ಒಂದು ಹಣ್ಣನ್ನು ಅರ್ಧ ಕಚ್ಚಿ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದವು. ಡಬ್ಬಿಯ ಪಕ್ಕದಲ್ಲೇ ಇಳಿದು ಹೋಗುತ್ತಿದ್ದವು, ಆದರೆ ಒಳಗೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಅಂಗಡಿಯವರಿಗೆ ಫೋನ್ ಮಾಡಿ ಬೇಜಾರು ಹೇಳಿಕೊಂಡೆ. ಅವರು ಪಾಪ, "ಸ್ವಲ್ಪ ದಿನ ನೋಡ್ರಿ ಸರ್" ಅಂದರು. ನನಗೆ ತಾಳ್ಮೆ ಇರಲಿಲ್ಲ, ಎರಡು ಸ್ಟಾರ್ ಕೊಟ್ಟೆ.

ಅವ್ವ ಮಾತ್ರ ಮೊದಲ ವಾರವೇ ಹೇಳಿದ್ದಳು: "ಗಿಡದಾಗ ಇಷ್ಟ ಹಣ್ಣ ಬಿದ್ದಾವ, ಇಣಚಿ ನಿನ್ನ ಶೇಂಗಾಕ ಯಾಕ ಬರ್ತಾವ? ಮುಂದಿನ ವರ್ಷ ಗಿಡ ಖಾಲಿ ಇರತೈತಿ, ಆಗ ನೋಡು." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದವಳು ನನ್ನ ಅಕ್ಕ. ಅವಳಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಅಲ್ಲಿ ಓಕ್ ಮರಗಳು ಜಾಸ್ತಿ, ಮನೆ ಮನೆಗೂ ಇಂಥ ಡಬ್ಬಿಗಳು. ಓಕ್ ಕಾಯಿ ಹೇರಳವಾಗಿ ಬಿದ್ದ ವರ್ಷ ಅಲ್ಲಿಯೂ ಡಬ್ಬಿಗೆ ಅಳಿಲು ಕಡಿಮೆಯಾಗುತ್ತವಂತೆ. ಅಂಥ ವರ್ಷಕ್ಕೆ ಅವರು 'ಮಾಸ್ಟ್ ಇಯರ್' ಅನ್ನುತ್ತಾರೆ. ಎರಡರಿಂದ ಐದು ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಒಂದೆರಡು ಮರ ಅಲ್ಲ, ನೂರಾರು ಮೈಲಿ ಉದ್ದಕ್ಕೂ ಓಕ್ ಮರಗಳೆಲ್ಲ ಒಟ್ಟಿಗೆ ಕಾಯಿ ಸುರಿಸುತ್ತವೆ. ನಡುವಿನ ವರ್ಷಗಳಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಓಕ್ ಹೂವಿಗೆ ಗಾಳಿಯಿಂದಲೇ ಪರಾಗ ಸಿಗಬೇಕು, ಎಲ್ಲ ಮರ ಒಟ್ಟಿಗೆ ಹೂ ಬಿಟ್ಟರೆ ಅದು ಚೆನ್ನಾಗಿ ಆಗುತ್ತದೆ. ವಸಂತದಲ್ಲಿ ತಡವಾಗಿ ಹಿಮ ಬಿದ್ದರೆ ಹೂವೆಲ್ಲ ಸುಟ್ಟುಹೋಗಿ ಆ ಹೂವಿನಿಂದ ಕಾಯಿಯೇ ಇಲ್ಲ. ಇನ್ನೊಂದು ಕಾರಣ ನನಗೆ ಬಹಳ ಹಿಡಿಸಿತು. ಪ್ರತಿ ವರ್ಷ ಒಂದೇ ಸಮ ಕಾಯಿ ಬಿಟ್ಟರೆ ತಿನ್ನುವವರೂ ಅದಕ್ಕೆ ತಕ್ಕಷ್ಟು ಹೆಚ್ಚಿ, ಒಂದೂ ಉಳಿಸದೆ ತಿಂದುಬಿಡುತ್ತಾರೆ. ಕೆಲವು ವರ್ಷ ಹಸಿವಿನಲ್ಲಿಟ್ಟು, ಅವು ಕಡಿಮೆಯಾದ ಮೇಲೆ ಒಮ್ಮೆಲೇ ಸುರಿದರೆ, ಎಲ್ಲರೂ ಹೊಟ್ಟೆ ತುಂಬಾ ತಿಂದ ಮೇಲೂ ಮೊಳೆಯಲು ಬೀಜ ಉಳಿಯುತ್ತದೆ.

ಅಲ್ಲಿನ ಬೂದು ಅಳಿಲು ಕಾಯಿಗಳನ್ನು ಒಂದೊಂದಾಗಿ ಬೇರೆ ಬೇರೆ ಕಡೆ ನೆಲದಲ್ಲಿ ಹೂಳುತ್ತದೆ. ಬಿಳಿ ಓಕ್ ಕಾಯಿ ಬಿದ್ದ ಕೂಡಲೇ ಮೊಳೆಯುತ್ತದೆ, ಹೂತಿಟ್ಟರೆ ಹಾಳು. ಅದಕ್ಕೆ ಅಳಿಲು ಅದನ್ನು ಅಲ್ಲೇ ತಿಂದುಬಿಡುತ್ತದೆ, ಇಲ್ಲವೇ ಮೊಳಕೆಯ ಜಾಗವನ್ನು ಹಲ್ಲಿನಿಂದ ಕಿತ್ತು ಆಮೇಲೆ ಹೂಳುತ್ತದೆ. ಕೆಂಪು ಓಕ್ ಕಾಯಿ ಮೊಳೆಯುವುದು ಮುಂದಿನ ವಸಂತಕ್ಕೆ, ಅದನ್ನು ಹಾಗೇ ಹೂತಿಡುತ್ತದೆ. ಇದನ್ನು ಕೇಳಿದ ಮೇಲೆ ಹಿತ್ತಲಿನ ಅಳಿಲನ್ನೂ ನಾನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ.

ಅಕ್ಕ ಹೇಳಿದ 2018ರ ಕಥೆ ಮಾತ್ರ ಕೇಳಲು ಕಷ್ಟವಾಯಿತು. 2017ರಲ್ಲಿ ಓಕ್ ಕಾಯಿ ಭರ್ಜರಿ. ಚಳಿಗಾಲ ದಾಟಿ ಬದುಕಿದ ಅಳಿಲುಗಳೂ ಜಾಸ್ತಿ, ಹುಟ್ಟಿದ ಮರಿಗಳೂ ಜಾಸ್ತಿ. ಮರುವರ್ಷ ಕಾಯಿ ಕೈಕೊಟ್ಟಿತು. ಹಸಿದ ಅಳಿಲುಗಳು ಊಟ ಹುಡುಕಿ ಎಲ್ಲೆಂದರಲ್ಲಿ ಓಡಾಡಿ, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ರಸ್ತೆಗಳಲ್ಲಿ ಗಾಡಿಗೆ ಸಿಕ್ಕಿ ಲೆಕ್ಕವಿಲ್ಲದಷ್ಟು ಸತ್ತವು. ಸೇಬು ತೋಟದವರಿಗೂ ನಷ್ಟ. 1968ರಲ್ಲೂ ಅಮೆರಿಕದ ಪೂರ್ವ ಭಾಗದಲ್ಲಿ ಹೀಗೇ ಆಗಿತ್ತಂತೆ. ಕೆನಡಾದ ಯೂಕಾನ್‌ನ ಕೆಂಪು ಅಳಿಲುಗಳು ಇನ್ನೂ ಒಂದು ಹೆಜ್ಜೆ ಮುಂದೆ: ಸ್ಪ್ರೂಸ್ ಮರದ ಬೀಜ ಹೇರಳವಾಗಿ ಬರುವ ವರ್ಷ, ಬೀಜ ಬಲಿಯುವ ಮೊದಲೇ ಜಾಸ್ತಿ ಮರಿ ಹಾಕಿರುತ್ತವೆ. ಇದು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ.

ನಮ್ಮ ಕಡೆ ಕಾಡಿನಲ್ಲಿ ಓಕ್ ಇಲ್ಲ, ಹಿತ್ತಲಲ್ಲಿ ಆಪೂಸ್ ಇದೆ. ಒಂದು ವರ್ಷ ಜಾಸ್ತಿ ಕಾಯಿ ಹೊತ್ತ ಗಿಡ ತನ್ನೊಳಗಿನ ಶಕ್ತಿಯನ್ನೆಲ್ಲ ಹಣ್ಣಿಗೇ ಹಾಕಿಬಿಡುತ್ತದೆ. ಹೊಸ ಚಿಗುರು ಹೊತ್ತಿಗೆ ಸರಿಯಾಗಿ ಬಂದು ಬಲಿಯುವುದಿಲ್ಲ, ಮರುವರ್ಷ ಹೂ ಇಲ್ಲ. ನೀಲಂ ತಳಿಯಲ್ಲಿ ಈ ತೊಂದರೆ ಕಡಿಮೆ. ಓಕ್ ತರ ಇಡೀ ಸೀಮೆಯ ಮಾವು ಒಟ್ಟಿಗೆ ಬರಿದಾಗುವುದಿಲ್ಲ, ಪಕ್ಕದ ಮನೆಯಲ್ಲಿ ಪೇರಲವೋ ಹುಣಸೆಯೋ ಇದ್ದೇ ಇರುತ್ತದೆ, ಹಾಗಾಗಿ ನಮ್ಮ ಅಳಿಲುಗಳಿಗೆ ಅಷ್ಟು ದೊಡ್ಡ ಹೊಡೆತ ಬೀಳುವುದಿಲ್ಲ. ಆದರೆ ಡಬ್ಬಿಗೆ ಬರುವುದು ಬಿಡುವುದು ಗಿಡದ ಮೇಲೇ ನಿಂತಿದೆ.

2024ರಲ್ಲಿ ಅವ್ವ ಹೇಳಿದ್ದೇ ಆಯಿತು. ಗಿಡದಲ್ಲಿ ಬರೀ ಎಲೆ, ಎಣಿಸಿದರೆ ಹನ್ನೊಂದು ಕಾಯಿ. ಮಾರ್ಚ್ ಎರಡನೇ ವಾರ ಮೊದಲ ಅಳಿಲು ಮುಚ್ಚಳದ ಅಂಚಿಗೆ ಮೂಗು ಇಟ್ಟಿತು. ಮೂರನೇ ದಿನಕ್ಕೆ ಎತ್ತುವುದು ಕಲಿತಿತು. ಭಾರ ಅನ್ನುವ ನನ್ನ ಅನುಮಾನ ಸುಳ್ಳಾಯಿತು, ಅದು ಸರಿಯಾದ ತೂಕವೇ, ಯಾಕೆಂದರೆ ಕಾಗೆಗೆ ಅದನ್ನು ಎತ್ತಲು ಬರಲಿಲ್ಲ. ತಿಂಗಳೊಳಗೆ ನಾಲ್ಕು ಅಳಿಲು ಖಾಯಂ. ಎರಡು ಕೈಯಲ್ಲಿ ಶೇಂಗಾ ಹಿಡಿದು, ಹಲಗೆ ಮೇಲೆ ಕೂತು, ಬಾಲ ಬೆನ್ನ ಮೇಲೆ ಹಾಕಿಕೊಂಡು ಸಿಪ್ಪೆ ಬಿಡಿಸುವುದನ್ನು ಅವ್ವ ದಿನಾ ಚಹಾ ಕುಡಿಯುತ್ತಾ ನೋಡುತ್ತಿದ್ದಳು. ಮೊಣಕಾಲು ನೋವಿನಿಂದ ಅವಳು ಹೊರಗೆ ಹೋಗುವುದೇ ಕಡಿಮೆ. 850 ರೂಪಾಯಿಗೆ ಅಷ್ಟು ಸಂತೋಷ ಬೇರೆ ಯಾವುದರಲ್ಲೂ ಸಿಕ್ಕಿಲ್ಲ ನಮಗೆ.

ಈಗ ಕೊರತೆ. ಅಕ್ರಿಲಿಕ್ ಹಾಳೆಯ ಅಂಚು ಎರಡೇ ತಿಂಗಳಲ್ಲಿ ಕಡಿದು ಹಾಳಾಯಿತು. ಅಳಿಲಿನ ಮುಂದಿನ ಹಲ್ಲು ಬದುಕಿರುವತನಕ ಬೆಳೆಯುತ್ತಲೇ ಇರುತ್ತದೆ, ಅದು ಏನಾದರೂ ಕಡಿಯಲೇಬೇಕು. ಮಾಡುವವರು ಅಂಚಿಗೆ ಒಂದು ತಗಡಿನ ಪಟ್ಟಿ ಹಾಕಿದ್ದರೆ ಮುಗೀತಿತ್ತು. ನಾನು ನಮ್ಮ ಬಡಿಗೇರರ ಕಡೆ ಹಾಕಿಸಿಕೊಂಡೆ. ಬಿಜಾಗರಿಯೂ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಮುಚ್ಚಳ ಬಿಗಿಯಾಯಿತು. ತಳದಲ್ಲಿ ತೂತಿಲ್ಲ, ಇದು ದೊಡ್ಡ ತಪ್ಪು. ಬೆಳಗಾವಿ ಮಳೆ ಗೊತ್ತಲ್ವಾ, ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಒಳಗೆ ನೀರು ನಿಂತು ಶೇಂಗಾಕ್ಕೆ ಬೂಷ್ಟು ಬಂತು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದನ್ನು ಪ್ರಾಣಿಗೆ ಹಾಕಬಾರದು. ನಾನು ನಾಲ್ಕು ತೂತು ಕೊರೆಸಿದೆ. ತಗೊಂಡವರು ಮೊದಲ ದಿನವೇ ಇದನ್ನು ಮಾಡಿ, ಮಳೆಗಾಲದಲ್ಲಿ ಅವತ್ತಿಗೆ ಬೇಕಾದಷ್ಟೇ ಹಾಕಿ.

ಹಾಕುವುದು ಒಂದು ಮುಷ್ಟಿ ಸಾಕು, ಉಪ್ಪು ಹಾಕಿದ್ದು ಬೇಡವೇ ಬೇಡ. ಡಬ್ಬಿ ದೊಡ್ಡದಿದೆ ಅಂತ ತುಂಬಿಸಬೇಡಿ. ವರ್ಷಪೂರ್ತಿ ತುಂಬಿಸಿಟ್ಟು, ಅದನ್ನೇ ನಂಬಿ ಅವು ಹೆಚ್ಚಾದ ಮೇಲೆ ನಾವು ಊರಿಗೆ ಹೋಗಿಬಿಟ್ಟರೆ? 2018ರ ಕಥೆ ಕೇಳಿದ ಮೇಲೆ ನನಗೆ ಅದೇ ಭಯ.

ಮತ್ತೆ, ಹಣ್ಣಿನ ಗಿಡ ಪಕ್ಕದಲ್ಲಿದ್ದರೆ ದಯವಿಟ್ಟು ಎರಡು ಸೀಸನ್ ನೋಡಿ ಆಮೇಲೆ ಸ್ಟಾರ್ ಕೊಡಿ. ಅಂಗಡಿಯವರನ್ನು ಹೋದ ವಾರ ಕಂಡು ಕ್ಷಮೆ ಕೇಳಿದೆ, ತಗಡಿನ ಪಟ್ಟಿಯನ್ನೂ ತೋರಿಸಿದೆ, ಫೋಟೊ ತೆಗೆದುಕೊಂಡರು. ನಾಲ್ಕು ಸ್ಟಾರ್. ಉಳಿದ ಒಂದು ತಳದ ತೂತಿಗೆ.

ಈಗ 2025ರ ಫೆಬ್ರವರಿ, ಗಿಡದ ತುಂಬಾ ಮತ್ತೆ ಹೂ. ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೇನೆ.